ಮನೆ ನೋಡಲು ಅವಳೂ ಬರಲಿ

ನರಸಾಪುರದಲ್ಲಿ ಅಕ್ಕನಿಗೆ ಮನೆ ಕೊಳ್ಳೋದು ಅಂತ ನಿಶ್ಚಯವಾದಾಗ ಅವಳಿಗಿಂತ ನಮಗೇ ಸಡಗರ ಜಾಸ್ತಿ. ಚಿಕ್ಕಂದಿನಲ್ಲೇ ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡವಳು ಅವಳು. ವೀಲ್‌ಚೇರ್‌ನಲ್ಲಿ ಕೂತೇ ಮೋಟಾರ್ ಮಷಿನ್ನಿನಲ್ಲಿ ಬ್ಲೌಸು ಹೊಲಿದು ದುಡ್ಡು ಕೂಡಿಟ್ಟಿದ್ದಳು. ಆದರೆ ಮನೆ ನೋಡಲು ಹೊರಟಿದ್ದು ಮಾತ್ರ ನಾನು, ಅಣ್ಣ ಮತ್ತು ನಮ್ಮ ಯಜಮಾನರು. ‘ನೀನ್ಯಾಕಮ್ಮ ಈ ಬಿಸಿಲಲ್ಲಿ? ನಾವು ನೋಡ್ಕೊಂಡು ಬರ್ತೀವಿ’ ಅಂದುಬಿಟ್ಟೆವು.

ಪೂರ್ವದ ಬಾಗಿಲು, ಸಂಪು, ಗ್ರಾನೈಟ್ ನೆಲ... ಬಂದು ಎಲ್ಲವನ್ನೂ ಬಣ್ಣಿಸಿದೆವು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: ‘ಬಚ್ಚಲ ಬಾಗಿಲು ಎಷ್ಟಗಲ ಇದೆ?’ ಒಬ್ಬರಿಗೂ ಗೊತ್ತಿರಲಿಲ್ಲ!

ಮರುದಿನ ಅವಳನ್ನೂ ಕರೆದುಕೊಂಡು ಹೋದೆವು. ಬಾಗಿಲಿಗೆ ಮೂರು ಮೆಟ್ಟಿಲು. ಅವಳ ಕುರ್ಚಿಯ ಅಗಲ 26 ಇಂಚು, ಬಚ್ಚಲ ಬಾಗಿಲು 24. ಮಾರುವವರು ನಗುತ್ತಾ, ‘ಎತ್ಕೊಂಡು ಹೋದ್ರಾಯ್ತು ಬಿಡಿ’ ಎಂದರು. ‘ಬಾಡಿಗೆ ಮನೇಲಿ ಎತ್ಕೊಂಡು ಹೋಗಿದ್ದು ಸಾಲದಾ? ಸ್ವಂತ ಮನೇಲೂ ಹಾಗೇನಾ?’ ಅಂದಳು ಅಕ್ಕ. ಆ ಮನೆ ಬೇಡವೆಂದು ಬಂದೆವು. ಅಂದು ಕಲಿತ ಪಾಠ ನಿಮಗೂ ಉಪಯೋಗವಾದೀತು.

ಟೇಪು ಬ್ಯಾಗಿನಲ್ಲಿರಲಿ

ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದಕ್ಕೆಲ್ಲ ಲೆಕ್ಕವಿದೆ. ಅದರ ಜೊತೆಗೆ ನಮ್ಮ ಅನುಭವವನ್ನೂ ಸೇರಿಸಿದ್ದೇನೆ.

* ಇಳಿಜಾರು: ಒಂದು ಇಂಚು ಎತ್ತರಕ್ಕೆ ಕನಿಷ್ಠ 12 ಇಂಚು ಉದ್ದ ಬೇಕು. ಆರಿಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ ಇಳಿಜಾರು! ಅಷ್ಟು ಜಾಗ ನಿಮ್ಮ ಸೈಟಿನೊಳಗೇ ಇದೆಯೇ ನೋಡಿ. ರಸ್ತೆಗೋ ಚರಂಡಿಗೋ ಚಾಚಿ ಕಟ್ಟಿದರೆ ನಾಳೆ ತಕರಾರು ತಪ್ಪಿದ್ದಲ್ಲ.
* ಬಾಗಿಲು: ತೆರೆದಾಗ ಸಿಗುವ ಜಾಗ 900 ಮಿ.ಮೀ., ಅಂದರೆ ಸುಮಾರು ಮೂರಡಿ ಇರಬೇಕು. ಚೌಕಟ್ಟಿನ ಹೊರಗಿನ ಅಳತೆ ಹಿಡಿದು ಮೋಸ ಹೋಗಬೇಡಿ.
* ತಿರುಗುವ ಜಾಗ: ಕುರ್ಚಿ ಪೂರ್ತಿ ತಿರುಗಲು ಐದಡಿ ವ್ಯಾಸದ ಖಾಲಿ ಜಾಗ ಬೇಕು. ಅಡುಗೆಮನೆ, ಬಚ್ಚಲು ಎರಡರಲ್ಲೂ ನೋಡಿ.
* ಶೌಚಾಲಯ: ಕಮೋಡ್ ಸೀಟಿನ ಎತ್ತರ 18ರಿಂದ 19 ಇಂಚು ಇದ್ದರೆ ಕುರ್ಚಿಯಿಂದ ಜರುಗಲು ಸುಲಭ. ಕೈಹಿಡಿಕೆ ಕೂರಿಸಲು ಗೋಡೆ ಗಟ್ಟಿಯಿರಲಿ. ನೆಲ ಜಾರುವಂತಿರಬಾರದು.
* ಅಡುಗೆಕಟ್ಟೆ: ಕಟ್ಟೆಯ ಕೆಳಗೆ ಮಂಡಿ ತೂರುವಷ್ಟು ಖಾಲಿ ಬಿಡಿ. ಸ್ವಿಚ್ಚು, ನಲ್ಲಿ, ಚಿಲಕ ಎಲ್ಲವೂ ಕೂತಲ್ಲಿಂದ ಕೈಗೆಟುಕಬೇಕು.

ಫ್ಲ್ಯಾಟ್ ಕೊಳ್ಳುವವರು ಲಿಫ್ಟಿನ ಬಾಗಿಲನ್ನೂ ಅಳೆಯಿರಿ. ಕರೆಂಟು ಹೋದಾಗ ಲಿಫ್ಟಿಗೆ ಜನರೇಟರ್ ಇದೆಯೇ ಎಂದು ಕೇಳಿ.

ಪತ್ರ ಯಾರ ಹೆಸರಿಗೆ?

ನಮ್ಮ ಮನೆಯಲ್ಲಿ ನಿಜವಾದ ಜಗಳವಾಗಿದ್ದು ಇಲ್ಲಿ. ‘ಆಫೀಸಿಗೆಲ್ಲ ಓಡಾಡೋಕೆ ಅವಳಿಂದಾಗುತ್ತಾ? ನನ್ನ ಹೆಸರಿಗೇ ಮಾಡಿಸೋಣ’ ಎಂದ ಅಣ್ಣ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ದುಡಿದವಳು ಅವಳು, ಸಾಲ ಕಟ್ಟುವವಳೂ ಅವಳೇ. ಅಂದಮೇಲೆ ಹೆಸರು ಮಾತ್ರ ಬೇರೆಯವರದ್ದು ಯಾಕಿರಬೇಕು? ನಾಳೆ ಅಣ್ಣನ ಮಕ್ಕಳ ಕಾಲಕ್ಕೆ ಅವಳ ಗತಿಯೇನು?

ಓಡಾಟದ ನೆಪಕ್ಕೆ ಕಾನೂನಿನಲ್ಲೇ ಉತ್ತರವಿದೆ. 1908ರ ನೋಂದಣಿ ಕಾಯ್ದೆಯ 31 ಮತ್ತು 38ನೇ ಸೆಕ್ಷನ್ ಪ್ರಕಾರ, ದೇಹದ ತೊಂದರೆಯಿಂದ ಕಚೇರಿಗೆ ಬರಲಾಗದವರ ಮನೆಗೇ ನೋಂದಣಾಧಿಕಾರಿ ಬಂದು ಹೇಳಿಕೆ, ಸಹಿ ಪಡೆಯಬಹುದು. ಇದಕ್ಕೆ ಮೊದಲೇ ಅರ್ಜಿ ಕೊಡಿ, ಅಂಗವೈಕಲ್ಯದ ದಾಖಲೆ ಜೊತೆಗಿರಲಿ.

ಇನ್ನು, ನರಸಾಪುರದಂಥ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಋಣಭಾರ ಪತ್ರ, ಕಂದಾಯ ರಸೀದಿ ನೋಡದೆ ಮುಂಗಡ ಕೊಡಬೇಡಿ. ಕಾರ್ಖಾನೆಗಳು ಬಂದ ಮೇಲೆ ಇಲ್ಲಿ ಸೈಟಿನ ಬೆಲೆ ಏರಿದೆ. ‘ಇವತ್ತೇ ಅಡ್ವಾನ್ಸ್ ಕೊಡಿ, ನಾಳೆ ಬೇರೆ ಪಾರ್ಟಿ ಬರ್ತಾರೆ’ ಅಂತ ಅವಸರ ಮಾಡುವವರೇ ಹೆಚ್ಚು.

ಕೊಳ್ಳುವಷ್ಟು ಅನುಕೂಲ ಇಲ್ಲದವರೂ ನಿರಾಶರಾಗಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಸರ್ಕಾರದ ವಸತಿ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲಾತಿ ಇದೆ, ಅದರಲ್ಲಿ ಮಹಿಳೆಯರಿಗೆ ಆದ್ಯತೆ. ಇದಕ್ಕೆ ಅಂಗವೈಕಲ್ಯ ಶೇ. 40ಕ್ಕೆ ಕಡಿಮೆ ಇರಬಾರದು. ಯುಡಿಐಡಿ ಕಾರ್ಡ್ ಮಾಡಿಸದಿದ್ದರೆ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ನಾಲ್ಕಾರು ಮನೆ ಸುತ್ತಿದ ಮೇಲೆ ಒಂದೇ ಮೆಟ್ಟಿಲಿನ ಹಳೇ ಮನೆ ಸಿಕ್ಕಿತು. ಆರಿಂಚಿಗೆ ಆರಡಿ ಇಳಿಜಾರು ಸಾಕಾಯಿತು. ಬಚ್ಚಲ ಬಾಗಿಲು ಕಿತ್ತು ಅಗಲ ಮಾಡಿಸಿದೆವು. ಹೊಸಿಲು ತೆಗೆಸುವಾಗ ಮಾತ್ರ ಅಮ್ಮ, ‘ಹೊಸಿಲಿಲ್ಲದ ಮನೆಯಾ? ಲಕ್ಷ್ಮಿ ನಿಲ್ತಾಳಾ?’ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಆ ಜಾಗಕ್ಕೆ ನೆಲದ ಮಟ್ಟಕ್ಕೇ ಒಂದು ಕಲ್ಲುಪಟ್ಟಿ ಹಾಕಿಸಿದೆವು. ಈಗ ಶುಕ್ರವಾರ ಅಕ್ಕ ಉದ್ದ ಹಿಡಿಯ ಬ್ರಷ್ಷಿನಿಂದ ತಾನೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರ ಮೇಲೇ ಕುರ್ಚಿ ಉರುಳಿಸಿಕೊಂಡು ಹಾಲು ತರಲು ಹೋಗ್ತಾಳೆ. ಅಮ್ಮನೂ ಈಗ ಏನೂ ಅನ್ನೋದಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಅಕ್ಕನೋ, ಮಗಳೋ, ಅತ್ತೆಯೋ ಇದ್ದರೆ, ಮನೆ ನೋಡಲು ಹೊರಡುವಾಗ ಮೊದಲು ಅವರನ್ನೇ ಹೊರಡಿಸಿ.