ಕಾನೂನು ತೋರಿಸಬೇಕಾದವರು ಯಾರು?

1762ರ ನವೆಂಬರ್‌ನಲ್ಲಿ ಲಂಡನ್ನಿನ ಸ್ಟೆಪ್ನಿಯಲ್ಲಿದ್ದ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ನೇಥನ್ ಕ್ಯಾರಿಂಗ್ಟನ್ ಮತ್ತು ಇನ್ನೂ ಮೂವರು ರಾಜಭಟರು ನುಗ್ಗಿದರು. ಅವರ ಕೈಯಲ್ಲಿ ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಸಹಿ ಮಾಡಿದ ವಾರಂಟ್ ಇತ್ತು. ಸರ್ಕಾರವನ್ನು ಟೀಕಿಸುತ್ತಿದ್ದ 'ಮಾನಿಟರ್' ಪತ್ರಿಕೆಯ ಹಿಂದೆ ಎಂಟಿಕ್ ಇದ್ದಾನೆಂಬ ಗುಮಾನಿ. ನಾಲ್ಕು ಗಂಟೆ ಕಾಲ ಅವರು ಬೀಗ ಒಡೆದರು, ಪೆಟ್ಟಿಗೆ, ಮೇಜಿನ ಖಾನೆಗಳನ್ನೆಲ್ಲ ಜಾಲಾಡಿದರು, ಖಾಸಗಿ ಕಾಗದಪತ್ರಗಳನ್ನು ಓದಿ ಬೇಕಾದುದನ್ನು ಹೊತ್ತೊಯ್ದರು. ಎಂಟಿಕ್ ಸುಮ್ಮನೆ ಕೂರಲಿಲ್ಲ, ಅತಿಕ್ರಮ ಪ್ರವೇಶದ ದಾವೆ ಹೂಡಿದ. ಜ್ಯೂರಿ 300 ಪೌಂಡ್ ಪರಿಹಾರ ಗೊತ್ತುಮಾಡಿತು. 1765ರಲ್ಲಿ ತೀರ್ಪು ಕೊಟ್ಟ ಮುಖ್ಯ ನ್ಯಾಯಾಧೀಶ ಲಾರ್ಡ್ ಕ್ಯಾಮ್ಡೆನ್ ಎತ್ತಿದ ಪ್ರಶ್ನೆ ಸರಳವಾಗಿತ್ತು: ಈ ಅಧಿಕಾರ ಯಾವ ಶಾಸನದಲ್ಲಿದೆ, ಯಾವ ಹಳೆಯ ತೀರ್ಪಿನಲ್ಲಿದೆ? ಇಂಥ ವಾರಂಟುಗಳು ಮೊದಲಿನಿಂದಲೂ ನಡೆದುಬಂದಿವೆ, ರಾಜ್ಯದ ಹಿತಕ್ಕೆ ಬೇಕೇಬೇಕು ಎಂಬುದು ಪ್ರತಿವಾದಿಗಳ ವಾದ. ನ್ಯಾಯಾಲಯ ಎರಡನ್ನೂ ತಳ್ಳಿಹಾಕಿತು. ಕಾನೂನಿನ ಪುಸ್ತಕದಲ್ಲಿಲ್ಲದ ಅಧಿಕಾರ ಮಂತ್ರಿಗೂ ಇಲ್ಲ ಎಂದಾಯಿತು.

ಉದಾರವಾದದ ಚರಿತ್ರೆಯನ್ನು ಸಾಮಾನ್ಯವಾಗಿ ಚಿಂತಕರ ವಂಶಾವಳಿಯಂತೆ ಹೇಳುವುದು ವಾಡಿಕೆ: ಲಾಕ್, ಮಾಂಟೆಸ್ಕ್ಯೂ, ಮಿಲ್. ಆ ಸಾಲಿನ ಬೆಲೆ ದೊಡ್ಡದೇ. ಪ್ರಜೆಗಳ ಒಪ್ಪಿಗೆಯಿಲ್ಲದ ಆಳ್ವಿಕೆ ನ್ಯಾಯಬದ್ಧವಲ್ಲ, ಜೀವ, ಸ್ವಾತಂತ್ರ್ಯ, ಸ್ವತ್ತುಗಳನ್ನು ಕಾಯದ ಸರ್ಕಾರವನ್ನು ಕೆಳಗಿಳಿಸಬಹುದು ಎಂದು ಲಾಕ್ 1689ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಗ್ರಂಥ ಯುರೋಪು, ಅಮೆರಿಕಗಳ ರಾಜಕಾರಣವನ್ನೇ ಅಲುಗಿಸಿತು. ಆದರೆ ಬಾಗಿಲು ಮುರಿಸಿಕೊಂಡವನಿಗೆ ಸಿದ್ಧಾಂತ ಪರಿಹಾರ ಕೊಡಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ವ್ಯಕ್ತಿಯ ಹಕ್ಕಿನ ತಿರುಳಿರುವುದು ಉತ್ತರ ಕೊಡುವ ಹೊಣೆ ಯಾರದೆಂಬುದರಲ್ಲಿ. ನಾನೇಕೆ ಸ್ವತಂತ್ರನಾಗಿರಬೇಕು ಎಂದು ಪ್ರಜೆ ರುಜುವಾತು ಮಾಡಬೇಕಾಗಿಲ್ಲ. ನಿನ್ನನ್ನು ಯಾವ ಆಧಾರದ ಮೇಲೆ ತಡೆದೆ ಎಂದು ಆಳುವವನೇ ಹೇಳಬೇಕು. ಇಂಗ್ಲೆಂಡಿನ 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ ಮಾಡಿದ್ದೂ ಇದನ್ನೇ. ಸೆರೆಯಲ್ಲಿಟ್ಟವನು ಸೆರೆಯಾಳನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿ ಕಾರಣ ಕೊಡಬೇಕು.

ಇವೆಲ್ಲ ಆಸ್ತಿವಂತ ಗಂಡಸರು ತಮಗಾಗಿ ಮಾಡಿಕೊಂಡ ಏರ್ಪಾಡು ಎಂಬ ಆಕ್ಷೇಪವಿದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಲಾಕ್‌ಗೆ ಷೇರುಗಳಿದ್ದವು. ಮಿಲ್ 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರಿ ಮಾಡಿದವನು. 'ಹಿಂದುಳಿದ' ಸಮಾಜಗಳಿಗೆ ತನ್ನ ಸ್ವಾತಂತ್ರ್ಯತತ್ವ ಅನ್ವಯಿಸದೆಂದು 1859ರಲ್ಲಿ ಬರೆದ. ಅದೇ ಕಂಪನಿಯ 1818ರ ಬಂಗಾಳ ರೆಗ್ಯುಲೇಷನ್ ಭಾರತೀಯರನ್ನು ವಿಚಾರಣೆಯೇ ಇಲ್ಲದೆ ಸೆರೆಯಲ್ಲಿಡಲು ಅವಕಾಶ ಕೊಟ್ಟಿತ್ತು. ಆದರೆ ಹಕ್ಕನ್ನು ಬರೆದವರ ಮನಸ್ಸಿನಲ್ಲಿ ಇಲ್ಲದವರೂ ಅದನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿದರು ಎಂಬುದೂ ಅಷ್ಟೇ ನಿಜ. ವರ್ಜೀನಿಯಾದಲ್ಲಿ ಗುಲಾಮನಾಗಿ ಕೊಳ್ಳಲ್ಪಟ್ಟ ಜೇಮ್ಸ್ ಸೊಮರ್ಸೆಟ್ ಲಂಡನ್ನಿನಲ್ಲಿ ಒಡೆಯನಿಂದ ತಪ್ಪಿಸಿಕೊಂಡ, ಮತ್ತೆ ಸಿಕ್ಕಿಬಿದ್ದ. ಜಮೈಕಾಗೆ ಒಯ್ದು ಮಾರಲೆಂದು ಅವನನ್ನು ಥೇಮ್ಸ್ ನದಿಯಲ್ಲಿದ್ದ ಹಡಗೊಂದರಲ್ಲಿ ಬಂಧಿಸಿಟ್ಟಿದ್ದರು. ಸ್ನೇಹಿತರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಮನುಷ್ಯನನ್ನು ಹೀಗೆ ಬಲವಂತವಾಗಿ ದೇಶದಾಚೆ ಸಾಗಿಸಲು ಇಂಗ್ಲೆಂಡಿನ ಕಾನೂನು ಒಪ್ಪುವುದಿಲ್ಲವೆಂದು 1772ರ ಜೂನ್‌ನಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವನನ್ನು ಬಿಡಿಸಿದರು. ತೀರ್ಪಿನ ವ್ಯಾಪ್ತಿ ಕಿರಿದು. ವಸಾಹತುಗಳ ಗುಲಾಮಗಿರಿಯ ವಿರುದ್ಧ ಶಾಸನ ಬರಲು 1833 ಆಗಬೇಕಾಯಿತು. ಆದರೂ ಸಿರಿವಂತರಿಗೆ ಒದಗುತ್ತಿದ್ದ ಅಸ್ತ್ರ ಏನೂ ಇಲ್ಲದವನ ಕೈಗೂ ಬಂದಿತ್ತು.

ಹಕ್ಕುಗಳ ಮಾತು ಹೆಚ್ಚಾದಷ್ಟೂ ಸಮುದಾಯ ಸಡಿಲವಾಗುತ್ತದೆ, ನಮ್ಮದು ಕರ್ತವ್ಯದ ಸಂಸ್ಕೃತಿ ಎಂಬ ಇನ್ನೊಂದು ಆಕ್ಷೇಪವಿದೆ. ಇದಕ್ಕೆ ಅಂಬೇಡ್ಕರ್ ಕೊಟ್ಟ ಉತ್ತರಕ್ಕಿಂತ ಗಟ್ಟಿಯಾದುದು ನನಗೆ ಕಾಣದು. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ, ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡದ್ದಕ್ಕೆ ಅವರು ಸಂತೋಷ ವ್ಯಕ್ತಪಡಿಸಿದರು. ಕೇರಿಯಲ್ಲಿ ಬಾಳಿದವರಿಗೆ ಸಮುದಾಯವೇ ಅಧಿಕಾರ, ಸಮುದಾಯವೇ ಶಿಕ್ಷೆ. ಹೀಗಾಗಿಯೇ ನಮ್ಮ ಸಂವಿಧಾನ ಇಂಗ್ಲಿಷರ ಪರಂಪರೆಯನ್ನು ಮೀರಿತು. ಅಲ್ಲಿ ಅಂಕುಶ ಬಿದ್ದದ್ದು ಮುಖ್ಯವಾಗಿ ಸರ್ಕಾರದ ಮೇಲೆ. ಇಲ್ಲಿ 15 ಮತ್ತು 17ನೇ ವಿಧಿಗಳು ಅಂಗಡಿ, ಹೋಟೆಲು, ಬಾವಿ, ಸ್ನಾನಘಟ್ಟಗಳಲ್ಲಿ ನೆರೆಯವನನ್ನು ತಡೆಯುವ ಸಾಮಾನ್ಯ ಮನುಷ್ಯನ ಕೈಯನ್ನೂ ಕಟ್ಟಿದವು.

ನನ್ನ ವಾದವನ್ನೇ ಕಾಡುವ ಪ್ರಶ್ನೆ ಬೇರೆಯದು. ಕಾನೂನು ತೋರಿಸಿದರೆ ಸಾಕು ಎಂದಾದರೆ, ಬಹುಮತವಿರುವ ಸರ್ಕಾರ ಬೇಕಾದ ಕಾನೂನನ್ನೇ ಬರೆದುಕೊಳ್ಳಬಹುದಲ್ಲ? ಭಾರತದಲ್ಲಿ ಆದದ್ದೂ ಹಾಗೆಯೇ. 1950ರ ಗೋಪಾಲನ್ ಪ್ರಕರಣದಲ್ಲಿ, ಶಾಸನಸಭೆ ಅಂಗೀಕರಿಸಿದ ವಿಧಾನವಿದ್ದರೆ ಜೀವ, ವೈಯಕ್ತಿಕ ಸ್ವಾತಂತ್ರ್ಯಗಳನ್ನು ಕಾಯುವ 21ನೇ ವಿಧಿಗೆ ಅಷ್ಟೇ ಸಾಕೆಂದಿತು ಸುಪ್ರೀಂ ಕೋರ್ಟು. ತುರ್ತುಪರಿಸ್ಥಿತಿಯಲ್ಲಿ ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿಗಳಿಗೆ ಕಿವಿಗೊಟ್ಟವು. 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಆ ಬಾಗಿಲನ್ನೇ ಮುಚ್ಚಿದರು. ಭಿನ್ನವಾಗಿ ನಿಂತವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಈ ಕೊರತೆಯನ್ನು ತುಂಬತೊಡಗಿದ್ದು 1978ರ ಮನೇಕಾ ಗಾಂಧಿ ತೀರ್ಪು. ಕಾನೂನು ಇದ್ದರಷ್ಟೇ ಸಾಲದು, ಅದರ ವಿಧಾನ ನ್ಯಾಯಯುತವೂ ಆಗಿರಬೇಕು ಎಂದು ಅದು ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಅರ್ಜಿ ಅದನ್ನು ಇನ್ನಷ್ಟು ಮುಂದೊಯ್ದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 1976ರ ತೀರ್ಪು ಅಲ್ಲಿಯೇ ರದ್ದಾಯಿತು. ಕಾನೂನಿದೆಯೇ, ಉದ್ದೇಶ ನ್ಯಾಯಬದ್ಧವೇ, ಆ ಉದ್ದೇಶಕ್ಕೆ ಇಷ್ಟು ಹಸ್ತಕ್ಷೇಪ ತಕ್ಕುದೇ ಎಂಬ ಮೂರು ಪ್ರಶ್ನೆಗಳಿಗೆ ಈಗ ಸರ್ಕಾರ ಉತ್ತರಿಸಬೇಕು. ಮರುವರ್ಷ ಆಧಾರ್ ಉಳಿಯಿತು, ಆದರೆ ಖಾಸಗಿ ಕಂಪನಿಗಳು ಅದನ್ನು ಕೇಳಲು ಅವಕಾಶ ಕೊಟ್ಟಿದ್ದ ಭಾಗ ಬಿದ್ದುಹೋಯಿತು. 2019ರಲ್ಲಿ ಸಂಸತ್ತು ತಿದ್ದುಪಡಿ ತಂದು, ಗ್ರಾಹಕ ತಾನಾಗಿ ಒಪ್ಪಿದರೆ ಬ್ಯಾಂಕು, ಮೊಬೈಲ್ ಕಂಪನಿಗಳು ಆಧಾರ್ ಬಳಸಬಹುದೆಂದಿತು. ಸಿಮ್ ಅಂಗಡಿಯ ಕೌಂಟರಿನಲ್ಲಿ ಆ ಒಪ್ಪಿಗೆ ಎಷ್ಟರಮಟ್ಟಿಗೆ ಗ್ರಾಹಕನದೇ ಎಂಬುದನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಇನ್ನೂ ನೋಡಬೇಕಾಗಿದೆ.