ಈಗ – ಆಮೇಲೆ

ಮೇಜಿನ ಎಡಗಡೆ ಒಂದರ ಮೇಲೊಂದು ಮೂರು ಟ್ರೇ. ಬಲಗಡೆ ಖಾಲಿ ಬುಟ್ಟಿ. ಮೊದಲ ಟ್ರೇಯಲ್ಲಿ ಚಮಚ, ಫೋರ್ಕ್‌ಗಳು ಕಲಸಿಹೋಗಿವೆ; ಬೇರೆ ಬೇರೆ ಮಾಡಿ ಇಡಬೇಕು. ಎರಡನೆಯದರಲ್ಲಿ ನಟ್ಟು-ಬೋಲ್ಟುಗಳಿವೆ, ಒಂದಕ್ಕೊಂದು ತಿರುಗಿಸಿ ಕೂಡಿಸಬೇಕು. ಮೂರನೆಯದರಲ್ಲಿ ಲಕೋಟೆಗಳು, ಒಂದೊಂದರೊಳಗೂ ಒಂದು ಹಾಳೆ ಇಟ್ಟು ಮುಚ್ಚಬೇಕು. ಮಾತು ಬಾರದ ಹದಿನಾಲ್ಕರ ಹುಡುಗ ಬಂದು ಕೂರುತ್ತಾನೆ. ಹೀಗೆ ಮಾಡು, ಹಾಗೆ ಮಾಡು ಎಂದು ಯಾರೂ ಹೇಳುವುದಿಲ್ಲ. ಏನು ಕೆಲಸ, ಎಷ್ಟು ಕೆಲಸ, ಮುಗಿಯಿತೆಂದು ತಿಳಿಯುವುದು ಹೇಗೆ, ಮುಗಿದ ಮೇಲೆ ಏನು? ಅವನ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಕಣ್ಣೆದುರಿಗೇ ಇದೆ. ಎಡಗಡೆಯ ಮೂರು ಟ್ರೇ ಬಲಗಡೆಯ ಬುಟ್ಟಿ ಸೇರಿದರೆ ಮುಗಿಯಿತು. ಆಮೇಲೆ ಏನೆಂಬುದು ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಚಿತ್ರವಾಗಿದೆ: ಉಯ್ಯಾಲೆ.

ಆಟಿಸಂ ಜೊತೆಗೆ ಕಲಿಕೆಯ ತೀವ್ರ ತೊಡಕೂ ಇರುವ ಹದಿಹರೆಯದವರಿಗೆಂದೇ ಬ್ರಿಟನ್ನಿನಲ್ಲಿ ಪ್ರೌಢಶಾಲೆಗಳಿವೆ. ಮೇಲಿನದು ಅಂಥ ಶಾಲೆಗಳಲ್ಲಿ ದಿನವೂ ಕಾಣಸಿಗುವ ದೃಶ್ಯ. ಒಂದು ತರಗತಿಯಲ್ಲಿ ಬೆರಳೆಣಿಕೆಯ ಮಕ್ಕಳು, ಒಬ್ಬರು ಟೀಚರ್, ಜೊತೆಗೆ ಇಬ್ಬರೋ ಮೂವರೋ ಸಹಾಯಕರು. ಗದ್ದಲ ಕಡಿಮೆ. ಗೋಡೆಗಳ ಮೇಲೆ ಬಣ್ಣದ ಅಬ್ಬರವಿಲ್ಲ. ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಕೈ ಒಣಗಿಸುವ ಯಂತ್ರದ ಸದ್ದು ನಮಗೆ ಏನೂ ಅಲ್ಲ. ಇಲ್ಲಿನ ಕೆಲವು ಮಕ್ಕಳಿಗೆ ಅದು ಕಿವಿಗೆ ಸೂಜಿ ಚುಚ್ಚಿದ ಹಾಗೆ. ಅದಕ್ಕೇ ಕಟ್ಟಡವನ್ನೂ ಪಾಠದಷ್ಟೇ ಎಚ್ಚರದಿಂದ ಸಿದ್ಧಮಾಡಿರುತ್ತಾರೆ.

ಈ ಶಾಲೆಗಳ ಕಥೆ ಹೇಳಬೇಕೆಂದರೆ ಪಶ್ಚಿಮ ಲಂಡನ್ನಿನ ಈಲಿಂಗ್‌ಗೆ, 1965ನೇ ಇಸವಿಗೆ ಹೋಗಬೇಕು. ಆಟಿಸಂ ಮಕ್ಕಳಿಗೆಂದೇ ಆ ದೇಶದಲ್ಲಿ ಶುರುವಾದ ಮೊದಮೊದಲ ಶಾಲೆ ಅಲ್ಲಿ ತೆರೆಯಿತು. ತೆರೆದದ್ದು ಸರ್ಕಾರವಲ್ಲ, ಮಕ್ಕಳ ಅಪ್ಪ-ಅಮ್ಮಂದಿರು. ನಡೆಸಲು ಒಪ್ಪಿಕೊಂಡವರು ಸಿಬಿಲ್ ಎಲ್ಗರ್.

ಆ ಅಪ್ಪ-ಅಮ್ಮಂದಿರು ಯಾವ ಕಾಲದಲ್ಲಿ ಬದುಕಿದ್ದರು ಎಂಬುದನ್ನು ನೆನೆಯಬೇಕು. ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಗಮನಿಸಿ ಆಟಿಸಂ ಕುರಿತ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸಿದ್ದು 1943ರಲ್ಲಿ. ಅದಾಗಿ ಇಪ್ಪತ್ತು ವರ್ಷ ಕಳೆದರೂ ಆಟಿಸಂನ ಹೊಣೆಯನ್ನು ತಾಯಿಯ ತಲೆಗೇ ಕಟ್ಟುತ್ತಿದ್ದರು. ತಾಯಿಯ ಪ್ರೀತಿ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂಬ ಮಾತಿಗೆ ‘ರೆಫ್ರಿಜರೇಟರ್ ತಾಯಿ’ ಎಂಬ ಹೆಸರೂ ಇತ್ತು. ಶಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಇದೇ ವಾದದ ಮೇಲೆ ಒಂದು ದಪ್ಪ ಪುಸ್ತಕವನ್ನೇ ಬರೆದರು. ರಾತ್ರಿಯಿಡೀ ನಿದ್ದೆಗೆಟ್ಟು ಮಗುವನ್ನು ಸಂಭಾಳಿಸಿದ ತಾಯಿ ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ತಪ್ಪಿತಸ್ಥಳಂತೆ ಕೂರಬೇಕಿತ್ತು. ಇದಕ್ಕಿಂತ ದೊಡ್ಡ ಅನ್ಯಾಯ ವೈದ್ಯಕೀಯದ ಚರಿತ್ರೆಯಲ್ಲಿ ಹೆಚ್ಚಿಲ್ಲ.

1962ರಲ್ಲಿ ಲಂಡನ್ನಿನ ಕೆಲವು ಪೋಷಕರು ಒಂದು ಸಂಘ ಕಟ್ಟಿಕೊಂಡರು. ಅದೇ ಮುಂದೆ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಆಯಿತು. ಕಟ್ಟಿದವರಲ್ಲಿ ಲೋರ್ನಾ ವಿಂಗ್ ಕೂಡ ಇದ್ದರು. ಸ್ವತಃ ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿ. ಆಟಿಸಂ ಒಂದೇ ಅಚ್ಚಿನ ಸ್ಥಿತಿಯಲ್ಲ, ಅದಕ್ಕೆ ನೂರು ಛಾಯೆಗಳುಂಟು ಎಂದು ಮುಂದೆ ಜಗತ್ತಿಗೆ ತಿಳಿಸಿದವರಲ್ಲಿ ಅವರೇ ಪ್ರಮುಖರು.

ಸಿಬಿಲ್ ಎಲ್ಗರ್ ಹುಟ್ಟಿದ್ದು 1914ರಲ್ಲಿ. ಮಾಂಟೆಸ್ಸರಿ ತರಬೇತಿಗೆ ಸೇರಿದಾಗ ನಲವತ್ತು ದಾಟಿತ್ತು. ಆ ತರಬೇತಿಯ ದಿನಗಳಲ್ಲಿ ಲಂಡನ್ನಿನ ಒಂದು ಆಸ್ಪತ್ರೆಗೆ ಹೋದಾಗ, ತೀವ್ರ ತೊಂದರೆಯ ಮಕ್ಕಳು ಏನೂ ಕಲಿಯದೆ ಕಾಲ ಕಳೆಯುತ್ತಿದ್ದುದನ್ನು ಕಂಡು ಅವರ ಮನಸ್ಸು ಕದಡಿಹೋಯಿತು. ಸೇಂಟ್ ಜಾನ್ಸ್ ವುಡ್‌ನಲ್ಲಿದ್ದ ಮನೆಯ ನೆಲಮಾಳಿಗೆಯಲ್ಲೇ ಪುಟ್ಟ ಶಾಲೆ ನಡೆಸುತ್ತಿದ್ದ ಅವರ ಬಳಿಗೆ ಆಟಿಸಂ ಮಕ್ಕಳು ಬರತೊಡಗಿದರು. ಎಲ್ಲೂ ಒಂದು ಗಳಿಗೆ ಕೂರದ ಮಕ್ಕಳು ಅಲ್ಲಿ ಕೂತರು. ಇದನ್ನು ಕಂಡ ಸಂಘದ ಪೋಷಕರು ದುಡ್ಡು ಕೂಡಿಸಿ ಈಲಿಂಗ್‌ನಲ್ಲಿ ಕಟ್ಟಡ ಹೊಂದಿಸಿಕೊಟ್ಟರು. ಸಹಾಯ ಮಾಡಿದವರಲ್ಲಿ ಬೀಟಲ್ಸ್ ತಂಡದವರೂ ಇದ್ದರು. ಜಾನ್ ಲೆನನ್ ಶಾಲೆಗೆ ಬಂದುಹೋಗಿದ್ದರು.

ಎಲ್ಗರ್ ಅವರ ವಿಧಾನದಲ್ಲಿ ಮಾಯಮಂತ್ರವಿರಲಿಲ್ಲ. ಚಿಕ್ಕ ಮಾತು, ಒಂದು ಸಲಕ್ಕೆ ಒಂದೇ ಸೂಚನೆ. ಬಾಯಲ್ಲಿ ಹೇಳಿದ್ದನ್ನು ಕೈಯಲ್ಲಿ ಹಿಡಿಯುವಂತೆ, ಕಣ್ಣಿಗೆ ಕಾಣುವಂತೆ ಮಾಡುವುದು. ದಿನಚರಿಗೊಂದು ಕ್ರಮ. ಮಗು ಚೀರಿದರೆ ಅದರ ಮನಸ್ಸಿನಾಳದಲ್ಲಿ ಏನಿದೆ ಎಂದು ಹುಡುಕುತ್ತ ಕೂರುವ ಬದಲು, ಅದಕ್ಕೆ ಏನು ಅರ್ಥವಾಗಲಿಲ್ಲ ಎಂದು ನೋಡುವುದು. ಇಂಥ ಕ್ರಮದಿಂದ ಫಲವಿದೆಯೇ ಎಂದು ಸಂಶೋಧಕರಾದ ಲಾರೆನ್ಸ್ ಬಾರ್ಟಾಕ್ ಮತ್ತು ಮೈಕೆಲ್ ರಟರ್ ಮೂರು ಬಗೆಯ ಕಲಿಕಾ ಕೇಂದ್ರಗಳ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾನಸಿಕ ಚಿಕಿತ್ಸೆಗೆ ಒತ್ತು ಕೊಟ್ಟು ಮಕ್ಕಳನ್ನು ಅವರ ಪಾಡಿಗೆ ಬಿಟ್ಟ ಕಡೆಗಿಂತ, ಕ್ರಮವಿಟ್ಟು ಪಾಠ ಹೇಳಿದ ಕಡೆಯೇ ಮಕ್ಕಳು ಹೆಚ್ಚು ಕಲಿತಿದ್ದರು.

ಅಷ್ಟರಲ್ಲಿ ಕಾನೂನೂ ಬದಲಾಗಿತ್ತು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಒಂದು ಮಗುವನ್ನು ‘ಶಾಲೆಗೆ ಯೋಗ್ಯವಲ್ಲ’ ಎಂದು ಕಾಗದದಲ್ಲೇ ಬರೆದು ಆರೋಗ್ಯ ಇಲಾಖೆಗೆ ಒಪ್ಪಿಸಬಹುದಿತ್ತು. 1970ರ ಕಾಯ್ದೆ ಅದನ್ನು ತೆಗೆದುಹಾಕಿತು. 1971ರ ಏಪ್ರಿಲ್‌ನಿಂದ ಎಂಥ ಮಗುವೇ ಆಗಲಿ, ಅದರ ಕಲಿಕೆ ಶಿಕ್ಷಣ ಇಲಾಖೆಯ ಹೊಣೆ.

ಆದರೆ ಮಕ್ಕಳು ಮಕ್ಕಳಾಗಿಯೇ ಉಳಿಯುವುದಿಲ್ಲವಲ್ಲ! ಐದು ವರ್ಷದವನಾಗಿ ಬಂದವನಿಗೆ ಮೀಸೆ ಮೂಡಿತು. ಈಲಿಂಗ್‌ನ ಪೋಷಕರ ಎದುರು ಹೊಸ ಪ್ರಶ್ನೆ ನಿಂತಿತು: ಶಾಲೆ ಮುಗಿದ ಮೇಲೆ? ಎಲ್ಗರ್ ಇಲ್ಲೂ ಕೈಬಿಡಲಿಲ್ಲ. 1974ರಲ್ಲಿ ಸಾಮರ್‌ಸೆಟ್ ಪ್ರಾಂತ್ಯದ ಬ್ರೆಂಟ್ ನೋಲ್ ಹಳ್ಳಿಯಲ್ಲಿ ವಯಸ್ಕರಿಗಾಗಿ ಸಾಮರ್‌ಸೆಟ್ ಕೋರ್ಟ್ ಎಂಬ ವಸತಿ ಕೇಂದ್ರ ತೆರೆದಾಗ, ಬೆಳೆದ ಶಿಷ್ಯರ ಜೊತೆ ಅವರೂ ಲಂಡನ್ ಬಿಟ್ಟು ಅಲ್ಲಿಗೆ ಹೋದರು. ಆಗ ಅವರಿಗೆ ಅರವತ್ತು. ಎಲ್ಗರ್ 2007ರಲ್ಲಿ ತೀರಿಕೊಂಡರು. ಮೊದಲ ಶಾಲೆ ಮುಂದೆ ಅವರ ಹೆಸರನ್ನೇ ಪಡೆಯಿತು.

ಇಂದಿನ ಪ್ರೌಢಶಾಲೆಗಳ ಕೈಯಲ್ಲಿರುವ ಸಲಕರಣೆಗಳೆಲ್ಲ ಈಲಿಂಗ್‌ನವಲ್ಲ. ಆರಂಭದಲ್ಲಿ ಕಂಡ ಟ್ರೇಗಳ ಮೇಜು ಅಮೆರಿಕದ ನಾರ್ತ್ ಕೆರೊಲಿನಾದ್ದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎರಿಕ್ ಷಾಪ್ಲರ್ ಕಟ್ಟಿದ ‘ಟೀಚ್’ ಕಾರ್ಯಕ್ರಮಕ್ಕೆ 1972ರಲ್ಲಿ ರಾಜ್ಯದ ಮನ್ನಣೆ ಸಿಕ್ಕಿತು. ತಾಯಂದಿರನ್ನು ದೂರುವುದನ್ನು ಬಿಟ್ಟು, ಅವರನ್ನೇ ಚಿಕಿತ್ಸೆಯ ಜೊತೆಗಾರರನ್ನಾಗಿ ಮಾಡಿಕೊಂಡದ್ದು ಷಾಪ್ಲರ್ ಹೆಚ್ಚುಗಾರಿಕೆ.

ಮಾತಿಲ್ಲದವರು ಬೇಕಾದ್ದನ್ನು ಕೇಳುವುದು ಹೇಗೆ? ಆಂಡಿ ಬಾಂಡಿ, ಲೋರಿ ಫ್ರಾಸ್ಟ್ 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ‘ಪೆಕ್ಸ್’ ಎಂಬ ಚಿತ್ರ-ವಿನಿಮಯದ ವಿಧಾನ ರೂಪಿಸಿದರು. ಅದರ ಮೊದಲ ಪಾಠವನ್ನು ಹತ್ತಿರದಿಂದ ನೋಡಬೇಕು. ಹುಡುಗಿಯ ಎದುರು ಒಬ್ಬರು ಬಿಸ್ಕತ್ತು ಹಿಡಿದು ಕೂತಿದ್ದಾರೆ. ನಡುವೆ ಬಿಸ್ಕತ್ತಿನ ಚಿತ್ರ. ಹುಡುಗಿಯ ಹಿಂದೆ ಇನ್ನೊಬ್ಬರು. ಇವರು ತುಟಿ ಬಿಚ್ಚುವಂತಿಲ್ಲ. ಹುಡುಗಿಯ ಕೈ ಬಿಸ್ಕತ್ತಿನ ಕಡೆ ಚಾಚುತ್ತಲೇ ಹಿಂದಿನವರು ಆ ಕೈಯನ್ನು ಚಿತ್ರದ ಮೇಲಿಟ್ಟು, ಎತ್ತಿಸಿ, ಎದುರಿನವರ ಅಂಗೈಗೆ ಕೊಡಿಸುತ್ತಾರೆ. ಆ ಕ್ಷಣವೇ ಬಿಸ್ಕತ್ತು ಸಿಗುತ್ತದೆ. ‘ಏನು ಬೇಕಮ್ಮ?’ ಎಂದು ಎದುರಿನವರೂ ಕೇಳುವುದಿಲ್ಲ. ಕೇಳಿದರೆ, ಕೇಳಿದಾಗ ಮಾತ್ರ ಉತ್ತರಿಸಬೇಕೆಂದು ಮಗು ಕಲಿತುಬಿಡುತ್ತದೆ. ತಾನಾಗಿ ಹೋಗಿ ಕೇಳುವುದನ್ನು ಕಲಿಯಬೇಕು. ದಿನ ಕಳೆದಂತೆ ಹಿಂದಿನವರ ಕೈ ಸಡಿಲವಾಗುತ್ತ ಹೋಗುತ್ತದೆ, ಕೊನೆಗೆ ಇಲ್ಲವಾಗುತ್ತದೆ.

ಇನ್ನೊಂದು ಸಲಕರಣೆ ಇನ್ನೂ ಸರಳ: ಎರಡು ಮನೆಗಳ ಒಂದು ರಟ್ಟು. ಒಂದರಲ್ಲಿ ‘ಈಗ’, ಇನ್ನೊಂದರಲ್ಲಿ ‘ಆಮೇಲೆ’. ಈಗ ಲೆಕ್ಕ, ಆಮೇಲೆ ಸಂಗೀತ. ನಮಗೆ ಮಕ್ಕಳಾಟದಂತೆ ಕಾಣುತ್ತದೆ. ಆದರೆ ಮುಂದಿನ ಗಳಿಗೆ ಏನೆಂದು ತಿಳಿಯದೆ ಬೆದರುವವರಿಗೆ ಆ ರಟ್ಟಿಗಿಂತ ದೊಡ್ಡ ಆಸರೆಯಿಲ್ಲ.

ಪ್ರೌಢಶಾಲೆ ಅಂದಮೇಲೆ ವಿಷಯಗಳೂ ಬದಲಾಗುತ್ತವೆ. ಲೆಕ್ಕದ ಪಿರಿಯಡ್ ಅಂಗಡಿಗೆ ಹೋಗುತ್ತದೆ. ಚಿತ್ರಗಳ ಪಟ್ಟಿ ಹಿಡಿದು ಹುಡುಗಿ ಹಾಲು, ಬ್ರೆಡ್, ಬಾಳೆಹಣ್ಣು ಆರಿಸಿ ಬುಟ್ಟಿಗೆ ಹಾಕುತ್ತಾಳೆ. ಕಷ್ಟ ಇರುವುದು ದುಡ್ಡು ಎಣಿಸುವುದರಲ್ಲಲ್ಲ, ಸಾಲಿನಲ್ಲಿ ನಿಲ್ಲುವುದರಲ್ಲಿ. ಮುಂದಿರುವವರು ಯಾಕೆ ಸರಿಯುತ್ತಿಲ್ಲ, ಎಷ್ಟು ಹೊತ್ತು ನಿಲ್ಲಬೇಕು? ಇದಕ್ಕೆ ಪಟ್ಟಿಯಲ್ಲಿ ಚಿತ್ರವಿಲ್ಲ. ಹಾಗಾಗಿ ಕಾಯುವುದನ್ನೇ ಒಂದು ಪಾಠವಾಗಿ ಕಲಿಸುತ್ತಾರೆ. ಮೊದಲು ಕೆಲವು ಸೆಕೆಂಡು, ಆಮೇಲೆ ಒಂದು ನಿಮಿಷ. ಬಸ್ಸು ಹತ್ತಿ ಇಳಿಯುವುದು, ಬ್ರೆಡ್ಡಿಗೆ ಬೆಣ್ಣೆ ಸವರುವುದು, ಬಟ್ಟೆ ತೊಳೆಯುವ ಯಂತ್ರದ ಗುಂಡಿ ಒತ್ತುವುದು, ಎಲ್ಲವನ್ನೂ ಹೀಗೆ ತುಂಡು ತುಂಡು ಮಾಡಿಯೇ ಕಲಿಸುವುದು.

ಹರೆಯದ ಪಾಠ ಇನ್ನೂ ಸೂಕ್ಷ್ಮ. ಮುಟ್ಟು ಬಂದಾಗ ಏನು ಮಾಡಬೇಕು, ಯಾವ ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸಬೇಕು, ಮೈಯನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದನ್ನು ಚಿತ್ರಗಳಲ್ಲಿ ಮತ್ತೆ ಮತ್ತೆ ಹೇಳಿಕೊಡುತ್ತಾರೆ. ಕೆಲವರಿಗೆ ಈ ವಯಸ್ಸಿನಲ್ಲೇ ಮೂರ್ಛೆರೋಗ ಶುರುವಾಗುತ್ತದೆ. ಹಾಗಾಗಿ ಸಿಬ್ಬಂದಿಗೆ ಅದರ ಉಪಚಾರವೂ ಗೊತ್ತಿರಬೇಕು. ಎಲ್ಲಕ್ಕಿಂತ ಮುಖ್ಯ ‘ಬೇಡ’ ಎನ್ನುವುದನ್ನು ಕಲಿಸುವುದು. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗು ಶಾಲೆಗೆ ಹಗುರ, ಆದರೆ ಲೋಕದಲ್ಲಿ ಅದಕ್ಕೆ ರಕ್ಷಣೆಯಿಲ್ಲ. ಇಂಥ ಶಾಲೆಗಳಲ್ಲಿ ಕಲಿಕೆಯ ಹೆಸರಿನಲ್ಲಿ ವಿಧೇಯತೆಯನ್ನಷ್ಟೇ ರೂಢಿಸಿದ್ದುಂಟು; ಅದನ್ನು ಎತ್ತಿ ಹೇಳಿದವರು ಆಟಿಸಂ ಇರುವ ವಯಸ್ಕರೇ. ಅವರ ಮಾತು ಸರಿ. ಒಳ್ಳೆಯ ಶಾಲೆ ಯಾವುದೆಂದು ತಿಳಿಯಬೇಕೆಂದರೆ ‘ಬೇಡ’ ಎಂಬ ಚಿತ್ರ ಮಗುವಿನ ಕೈಗೆ ಸಿಗುವಲ್ಲಿದೆಯೇ ನೋಡಬೇಕು. ಮಗು ಅದನ್ನು ಕೊಟ್ಟಾಗ ದೊಡ್ಡವರು ನಿಲ್ಲಿಸುತ್ತಾರೆಯೇ ಎಂಬುದನ್ನೂ ನೋಡಬೇಕು.

ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯ ಪ್ರಕಾರ ಇಂಥ ಮಗುವಿಗೆ ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿದ ಒಂದೇ ಯೋಜನೆ ಇರುತ್ತದೆ. ಅಗತ್ಯವಿದ್ದರೆ ಅದು 25ನೇ ವಯಸ್ಸಿನವರೆಗೂ ನಡೆಯಬಹುದು. ವರ್ಷಕ್ಕೊಮ್ಮೆ ಮರುಪರಿಶೀಲನೆ, ಹದಿಮೂರು-ಹದಿನಾಲ್ಕರಿಂದಲೇ ದೊಡ್ಡವರ ಬದುಕಿನ ಸಿದ್ಧತೆ ಅದರಲ್ಲಿ ಸೇರಬೇಕು. ಕಾಗದದಲ್ಲಿ ಇದು ಚೆನ್ನಾಗಿದೆ. ಶಾಲೆಯ ಸೀಟಿಗಾಗಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಪೋಷಕರು ಅಲ್ಲೂ ಇದ್ದಾರೆ.

ಈಲಿಂಗ್ ಶಾಲೆಯನ್ನು ಕಟ್ಟಿದ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಗೂ ನಮ್ಮ ನಾಡಿಗೂ ಒಂದು ಎಳೆಯಿದೆ. ಬಾಲ್ಯದ ಕೆಲವು ವರ್ಷ ಮೈಸೂರು, ಬೆಂಗಳೂರಿನಲ್ಲಿ ಕಳೆದ ಟೀಟೊ ಮುಖ್ಯೋಪಾಧ್ಯಾಯ ಮಾತು ಬಾರದ ಹುಡುಗ. ಅಕ್ಷರದ ಮೇಲೆ ಬೆರಳಿಡುವುದರಿಂದ ಆರಂಭಿಸಿ ತಾಯಿ ಸೋಮಾ ಬರವಣಿಗೆ ಕಲಿಸಿದರು. ಅವನ ‘ಬಿಯಾಂಡ್ ದಿ ಸೈಲೆನ್ಸ್’ ಪುಸ್ತಕವನ್ನು 2000ದಲ್ಲಿ ಸೊಸೈಟಿಯೇ ಪ್ರಕಟಿಸಿತು. ಆದರೆ ಸೋಮಾ ಅವರ ವಿಧಾನಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ ಎನ್ನುತ್ತಾರೆ ಹೆಚ್ಚಿನ ತಜ್ಞರು.

ಬೆಂಗಳೂರಿನಲ್ಲೂ ಆಟಿಸಂ ಮಕ್ಕಳಿಗೆ ಮೀಸಲಾದ ಶಾಲೆಗಳಿವೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ವಿಧಗಳ ಪಟ್ಟಿಯಲ್ಲಿ ಸೇರಿಸಿದೆ. ಶೇ 40 ಅಥವಾ ಹೆಚ್ಚಿನ ನ್ಯೂನತೆ ದೃಢಪಟ್ಟ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹದಿನೆಂಟು ತುಂಬಿತೆಂದರೆ ಕಾನೂನಿನ ಕಣ್ಣಿನಲ್ಲಿ ಮಗ ವಯಸ್ಕ, ಅಪ್ಪ-ಅಮ್ಮ ತಾವಾಗಿಯೇ ಅವನ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಕಾನೂನುಬದ್ಧ ಪೋಷಕತ್ವ ಪಡೆಯಬಹುದು. ಮನೆಯಲ್ಲೋ ನೆರೆಯಲ್ಲೋ ಹೈಸ್ಕೂಲು ವಯಸ್ಸಿನ ಇಂಥ ಮಗುವಿದ್ದರೆ ಈ ವಿಷಯ ಅವರ ಕಿವಿಗೆ ಹಾಕಿ. ಶಾಲೆಯ ಟೀಚರನ್ನು ಕಂಡಾಗ, ಈ ವರ್ಷ ಅಂಗಡಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಲು ಹೇಳಿ.