ಹೊಗೆಯ ಎರಡು ಕೆಲಸ

‘ಉಪ್ಪುಕಂಡ’ ಎಂಬ ಮಾತಿನಲ್ಲಿಯೇ ಅದರ ವಿಧಾನ ಅಡಗಿದೆ. ‘ಕಂಡ’ವೆಂದರೆ ಮಾಂಸ, ಅದನ್ನು ಕಾಯುವುದು ಉಪ್ಪು. ಉಪ್ಪು, ಅರಿಶಿನ ಹಚ್ಚಿದ ತುಂಡುಗಳನ್ನು ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಬಿಸಿಲು ಕಾಣದ ಕೊಡಗಿನ ಮಳೆಗಾಲದಲ್ಲಿ ಮಾಂಸವನ್ನು ಒಲೆಯ ಮೇಲೆ ತೂಗುಹಾಕುತ್ತಿದ್ದರು. ಉಪ್ಪು ಮಾಂಸದ ನೀರನ್ನು ಸೆಳೆಯುತ್ತದೆ, ಶಾಖ ಒಣಗಿಸುತ್ತದೆ, ಹೊಗೆಯಲ್ಲಿನ ಫೀನಾಲುಗಳು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ. ಈ ಮೂರೂ ದಿನಗಟ್ಟಲೆ ದುಡಿದರೆ ಮಾತ್ರ ಮಾಂಸ ಕೆಡದೆ ಉಳಿದೀತು.

ಇಂದು ಅಬ್ಬಿಗೆರೆಯ ನಮ್ಮ ಮನೆಗಳಲ್ಲಿ ಸೌದೆಯೊಲೆ ಅಪರೂಪ. ಆದರೂ ಮುಚ್ಚಳವುಳ್ಳ ಇದ್ದಿಲ ಅಗ್ಗಿಷ್ಟಿಕೆಯಲ್ಲಿ ಹೊಗೆಯ ರುಚಿಯನ್ನು ಪಡೆಯಬಹುದು. ಕೆಂಡವನ್ನು ಒಂದು ಬದಿಗೆ ಸರಿಸಿ, ಮಾಂಸವನ್ನು ಜಾಲರಿಯ ಇನ್ನೊಂದು ಬದಿಗೆ ಇಡಬೇಕು. ಕೆಂಡದ ಮೇಲೆ ಮಾವಿನ ಅಥವಾ ಸೀಬೆಯ ಒಣಚಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಗಾಳಿಕಿಂಡಿಯನ್ನು ಅರೆ ತೆರೆದಿಡಬೇಕು. ಬಣ್ಣ ಬಳಿದ ಮರ ಕೂಡದು. ಒಳಗಿನ ಶಾಖ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ದಟ್ಟ ಬಿಳಿ ಹೊಗೆ ಕಹಿ ತರುತ್ತದೆ, ತೆಳುಹೊಗೆಯೇ ಲೇಸು. ಕೋಳಿಯಾದರೆ ಅದರ ಒಳಭಾಗ 74 ಡಿಗ್ರಿ ಮುಟ್ಟಲೇಬೇಕು.

ಕೇಳುಗರು ನೆನಪಿಡಬೇಕಾದುದಿಷ್ಟು: ಎರಡು ಮೂರು ಗಂಟೆಯ ಈ ಹೊಗೆ ರುಚಿಗೆ ಮಾತ್ರ, ರಕ್ಷಣೆಗಲ್ಲ. ಬಿಸಿಯಿರುವಾಗಲೇ ಉಣ್ಣಬೇಕು, ಮಿಕ್ಕದ್ದನ್ನು ತಡಮಾಡದೆ ಫ್ರಿಜ್ಜಿನಲ್ಲಿಡಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣವನ್ನೇ ತೆಗೆದೀತು. ಅಗ್ಗಿಷ್ಟಿಕೆಗೆ ಬಯಲೇ ತಕ್ಕ ಸ್ಥಳ.